ಒದ್ದೆಯಾಗದ ಕಾಲು

ಶಿವರಾಜುವಿನ ಬಲಗಾಲಿನ ಮೇಲೆ ಮೊದಲ ಸಲ ನೀರು ಹರಿದದ್ದು ನುಗ್ಗೇಹಳ್ಳಿಯ ಬಸ್ ನಿಲ್ದಾಣದಲ್ಲಿ. ಬೆಳಗಿನ ಟ್ರಿಪ್ಪು. ಡೇರಿಗೆ ಹಾಲು ಹಾಕಿ ಬಂದವರು, ಚನ್ನರಾಯಪಟ್ಟಣದ ಕಾಲೇಜಿಗೆ ಹೋಗುವ ಹುಡುಗಿಯರು ಹತ್ತುತ್ತಿದ್ದರು. ಅವನು ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಹಿಂದಿನ ಬಾಗಿಲು ನೋಡುತ್ತಿದ್ದ. ಮಂಡಿಯ ಕೆಳಗೆ, ಕಾಲಿನ ಹೊರಬದಿಯಲ್ಲಿ, ತಣ್ಣಗೆ ಒಂದು ಗೆರೆ ಇಳಿಯಿತು. ಇಳಿದು ಪಾದದ ಮೇಲೆ ಹಾದು ಹೆಬ್ಬೆರಳಿನ ಹತ್ತಿರ ನಿಂತಿತು. ಯಾರೋ ಚೊಂಬಿನಿಂದ ಸಣ್ಣಗೆ ಸುರಿದ ಹಾಗೆ.

"ನೀಲಮ್ಮ, ಯಾರ್ದಾದ್ರೂ ನೀರಿನ ಬಾಟ್ಲು ಉರುಳೈತಾ ನೋಡಮ್ಮ," ಅಂದ.

ನೀಲಾಂಬಿಕೆ ಆ ಬಸ್ಸಿನ ಕಂಡಕ್ಟರ್. ಟಿಕೆಟ್ ಮಿಷನ್ನು ಕುತ್ತಿಗೆಗೆ ಹಾಕಿಕೊಂಡೇ ಮುಂದೆ ಬಂದು ಬಗ್ಗಿ ನೋಡಿದಳು. ಬಾನೆಟ್ಟಿನ ಪಕ್ಕ, ಪೆಡಲಿನ ಕೆಳಗೆ, ಎಲ್ಲೂ ಪಸೆಯಿಲ್ಲ. ರೇಡಿಯೇಟರ್ ಸೋರುತ್ತಿರಬಹುದು ಎಂದು ಅವನು ಕೆಳಗಿಳಿದು ಬಸ್ಸಿನ ಅಡಿಯಲ್ಲೂ ಹಣಕಿದ. ಮಣ್ಣು ಒಣಗಿ ಬೂದಿಯಂತಿತ್ತು. ಪ್ಯಾಂಟು ಮುಟ್ಟಿ ನೋಡಿಕೊಂಡ. ಬೆಚ್ಚಗೆ, ಗರಿಗರಿಯಾಗಿ, ಇಸ್ತ್ರಿ ಹಾಕಿದ್ದು ಹಾಕಿದ ಹಾಗೇ ಇತ್ತು.

"ಏನಣ್ಣ, ಕನಸೇನಾದ್ರೂ ಬಿತ್ತಾ?" ಎಂದು ನಕ್ಕು ನೀಲಾಂಬಿಕೆ ವಿಷಲ್ ಊದಿದಳು. ಅವನೂ ನಕ್ಕ. ಗೇರು ಹಾಕಿದ. ಬಸ್ಸು ಹೊರಟಿತು. ನೀರು ಮಾತ್ರ ಚನ್ನರಾಯಪಟ್ಟಣ ಮುಟ್ಟುವ ತನಕ ನಿಲ್ಲಲಿಲ್ಲ.

ಶಿವರಾಜು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಕಡೆಯವನು. ಅಪ್ಪ ಚೆನ್ನಯ್ಯ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಲೇ ತುಂಡು ಹೊಲ ಮಾಡಿಕೊಂಡವನು. ನಡುವಯಸ್ಸಿನಲ್ಲಿ ಊರಿನ ಇನ್ನು ನಾಲ್ಕು ಮನೆಯವರ ಜೊತೆ ಬುದ್ಧನ ದಾರಿ ಹಿಡಿದು, ಮನೆಯ ಗೋಡೆಯಿಂದ ಹಳೆಯ ಪಟಗಳನ್ನೆಲ್ಲ ಇಳಿಸಿ, ಮಗನನ್ನು ಎಸ್ಸೆಸ್ಸೆಲ್ಸಿ ತನಕ ಓದಿಸಿದ. ಮಗನಿಗೆ ಓದಿಗಿಂತ ಸ್ಟೇರಿಂಗಿನ ಮೇಲೆ ಆಸೆ. ತೆಂಗಿನಕಾಯಿ ಲಾರಿಗಳಲ್ಲಿ ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆಗಿ, ಕೊನೆಗೆ ಸರ್ಕಾರಿ ಬಸ್ಸಿನ ಕೆಲಸಕ್ಕೆ ಸೇರಿದ. ಅವನು ಖಾಕಿ ಹಾಕಿ ಮೊದಲ ಸಲ ಹೊಳೆನರಸೀಪುರಕ್ಕೆ ಬಸ್ಸು ತಂದ ದಿವಸ ಚೆನ್ನಯ್ಯ ಒಗೆದ ಪಂಚೆ ಉಟ್ಟು ನಿಲ್ದಾಣದಲ್ಲಿ ಕಾದಿದ್ದ. ಬಸ್ಸು ಹತ್ತಲಿಲ್ಲ. ಮಗ ಡ್ರೈವರ್ ಸೀಟಿನಲ್ಲಿ ಕೂತದ್ದನ್ನು ಕೆಳಗೇ ನಿಂತು ನೋಡಿ, ಟೀ ಕುಡಿದು, ನಡೆದೇ ಊರಿಗೆ ಹೋದ. ಈಗ ಚೆನ್ನಯ್ಯ ಇಲ್ಲ. ತಾಯಿ ಮಾಯಮ್ಮ ಚನ್ನರಾಯಪಟ್ಟಣದ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದಳು.

ಅವನ ಕೈ ಮೆದು ಎಂದು ಆ ದಾರಿಯ ಜನಕ್ಕೆಲ್ಲ ಗೊತ್ತಿತ್ತು. ಹಂಪು ಬಂದರೆ ಮೊದಲೇ ನಿಧಾನ ಮಾಡುತ್ತಿದ್ದ. ಬ್ರೇಕು ಒತ್ತಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. "ಶಿವರಾಜನ ಬಸ್ಸಲ್ಲಿ ಮಜ್ಜಿಗೆ ಚೊಂಬು ತೊಡೆ ಮ್ಯಾಲೆ ಇಟ್ಕಂಡ್ರೂ ತುಳುಕಾಕಿಲ್ಲ" ಎಂದು ನುಗ್ಗೇಹಳ್ಳಿ ಕಡೆಯ ಮುದುಕಿಯರು ಹೇಳುತ್ತಿದ್ದರು. ಅವನಿಗೆ ಇದ್ದ ಜಂಬ ಅದೊಂದೇ. ಬೀಡಿಯಿಲ್ಲ, ಕುಡಿತವಿಲ್ಲ. ಸೊಂಟ ನೋವು ಇತ್ತು. ಆದರೆ ಸೊಂಟ ನೋವಿಲ್ಲದ ಡ್ರೈವರನ್ನು ಯಾವ ಡಿಪೋದಲ್ಲಿ ಹುಡುಕುವುದು?

ನೀರು ಮತ್ತೆ ಮತ್ತೆ ಬಂತು. ಮೊದಲು ಬಸ್ಸಿನಲ್ಲಿ ಮಾತ್ರ. ಡಿಪೋದ ಮೆಕ್ಯಾನಿಕ್ ರುದ್ರೇಶನಿಗೆ ಹೇಳಿ ಪೈಪು, ಮ್ಯಾಟು ಎಲ್ಲ ಬಿಚ್ಚಿಸಿ ನೋಡಿಸಿದ. "ಗಾಡಿ ಸರ್ಯಾಗೈತೆ ಕಣಣ್ಣ, ನಿಂದೇ ಎಲ್ಲೋ ಲೀಕೇಜು" ಎಂದು ರುದ್ರೇಶ ತಮಾಷೆ ಮಾಡಿದ. ಆ ತಮಾಷೆ ಶಿವರಾಜುವಿನ ಎದೆಗೆ ಚುಚ್ಚಿತು. ಯಾಕೆಂದರೆ ಅವನಿಗೂ ಒಳಗೊಳಗೇ ಅದೇ ಹೆದರಿಕೆ. ನೀರು ಹರಿದಾಗಲೆಲ್ಲ ಪ್ಯಾಂಟಿನ ಮೇಲೆ ಕೈ ಸವರಿ ನೋಡಿಕೊಳ್ಳುವ ಅಭ್ಯಾಸ ಬಿತ್ತು. ಟೀ ಅಂಗಡಿಯಲ್ಲಿ ನಿಂತಾಗ, ಟ್ರಿಪ್ ಶೀಟು ಕೊಡುವಾಗ, ಯಾರ ಜೊತೆಯೋ ಮಾತಾಡುವಾಗ ಕೈ ತಾನಾಗೇ ಕೆಳಗೆ ಹೋಗುತ್ತಿತ್ತು. ಜನ ಅದನ್ನು ನೋಡುತ್ತಾರೆ ಎಂದು ತಿಳಿದ ಮೇಲೆ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಆಮೇಲೆ ಅದು ಮನೆಗೂ ಬಂತು. ಮುದ್ದೆ ಉಣ್ಣಲು ಚಕ್ಕಂಬಕ್ಕಳ ಹಾಕಿ ಕೂತರೆ ನೀರು. ಎದ್ದರೆ ಇರುವೆ. ನೂರಾರು ಸಣ್ಣ ಇರುವೆ ಸಾಲುಗಟ್ಟಿ ಹೆಬ್ಬೆರಳಿನಿಂದ ಮಂಡಿಗೆ ಹತ್ತುತ್ತಿದ್ದವು. ಒರೆಸಿದರೆ ಹೋಗವು, ತುರಿಸಿದರೆ ಚರ್ಮ ಕೆಂಪಾಗುವುದೇ ಹೊರತು ತುರಿಕೆ ಸಿಕ್ಕುತ್ತಿರಲಿಲ್ಲ. ಬೆಳಗಿನ ಜಾವದಲ್ಲಿ ಹೊದಿಕೆ ಕಾಲಿಗೆ ತಾಕಿದರೆ ಬಿಸಿಲಿಗೆ ಕಾದ ತಗಡು ತಾಕಿದ ಹಾಗೆ ಉರಿಯುತ್ತಿತ್ತು. ಹತ್ತಿಯ ಹಳೇ ದುಪಟಿ, ತಾಯಿ ಸೀರೆ ಹೊಲಿದು ಮಾಡಿದ್ದು. ಅದಕ್ಕಿಂತ ಮೆತ್ತಗಿನ ಬಟ್ಟೆ ಮನೆಯಲ್ಲಿರಲಿಲ್ಲ. ಕಾಲೊಂದನ್ನು ಹೊರಗೆ ಹಾಕಿ ಮಲಗುವುದನ್ನು ಕಲಿತ.

ಮಾಯಮ್ಮ ಮಗನ ಕಾಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಒಂದು ಗಂಧೆಯಿಲ್ಲ, ಬಾವಿಲ್ಲ, ಬಣ್ಣ ಬದಲಾಗಿಲ್ಲ.

"ನಿಮ್ಮಪ್ಪ ಇದ್ದಿದ್ರೆ ತಾಯ್ತ ಕಟ್ಸಕೆ ಬುಡ್ತಿರ್ನಿಲ್ಲ. ನಾನೂ ಕಟ್ಸಾಕಿಲ್ಲ ಬುಡು. ಎಣ್ಣೆ ತಿಕ್ಕಾಕೆ ಯಾರ ಅಪ್ಪಣೆ ಬೇಕು?" ಎಂದು ಹರಳೆಣ್ಣೆ ಬಿಸಿ ಮಾಡಿ ತಂದಳು. ತಿಕ್ಕಿದರೆ ಅರ್ಧ ಕಾಲಿಗೆ ಹಿತ, ಇನ್ನರ್ಧಕ್ಕೆ ಎಣ್ಣೆ ಮುಟ್ಟಿದ್ದೇ ಗೊತ್ತಿಲ್ಲ. ಅದನ್ನು ಅವನು ತಾಯಿಗೆ ಹೇಳಲಿಲ್ಲ. "ಎಂಗೈತೆ ಮಗ?" ಎಂದರೆ "ಹಾಯ್ ಅನ್ಸತೈತೆ ಕಣವ್ವ" ಅಂದುಬಿಟ್ಟ.

ಒಂದು ಭಾನುವಾರ, ಅವನ ವಾರದ ರಜೆಯ ದಿವಸ, ಅಂಗಡಿಗೆ ಹೋಗಿ ಬೆಲ್ಲ ತಂದ. ಹೆಂಡತಿ ಧನಲಕ್ಷ್ಮಿ ಅಂಗನವಾಡಿ ಟೀಚರು. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಿ ನೋಡಿದಳು.

"ಇದೇನ್ರೀ, ಇನ್ನೊಂದು ಚಪ್ಲಿ ಎಲ್ಲಿ?"

ಶಿವರಾಜು ಕೆಳಗೆ ನೋಡಿಕೊಂಡ. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿಗಾಲು. ಪಾದದ ಅಡಿಯಲ್ಲೆಲ್ಲ ಮಣ್ಣು. ಬಂದ ದಾರಿ ಹಿಡಿದು ಧನಲಕ್ಷ್ಮಿಯೇ ಹೋಗಿ ನೋಡಿದರೆ, ಮೂರನೆಯ ಮನೆಯ ಮೋರಿಯ ಹತ್ತಿರ ಚಪ್ಪಲಿ ಬಿದ್ದಿತ್ತು. ಕಾಲಿಂದ ಕಳಚಿದ್ದು ಅವನಿಗೆ ತಿಳಿದೇ ಇರಲಿಲ್ಲ.

ಅವಳು ಚಪ್ಪಲಿಯನ್ನು ಮೂಲೆಗೆ ಇಟ್ಟು, ಅವನನ್ನು ಕುರ್ಚಿಯ ಮೇಲೆ ಕೂರಿಸಿದಳು.

"ಕಣ್ಣು ಮುಚ್ಕೊಳಿ. ನಾನು ಮುಟ್ಟಿದಾಗ ಹೇಳಿ."

"ಏನಿದು ಮಕ್ಕಳಾಟ?"

"ಮುಚ್ಚಿ ಅಂದೆ."

ಅವನು ಮುಚ್ಚಿದ. ಮಂಡಿಯ ಹತ್ತಿರ ಬೆರಳು ತಾಕಿತು. ಹೇಳಿದ. ಎಡಪಾದ ಮುಟ್ಟಿದಳು. ಹೇಳಿದ. ಆಮೇಲೆ ಸುಮ್ಮನಾದಳು. ಅವನು ಕಾದ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಧನಲಕ್ಷ್ಮಿಯ ಉಸಿರು ಮಾತ್ರ ಹತ್ತಿರ ಕೇಳುತ್ತಿತ್ತು.

"ಮುಟ್ಟಲ್ಲೇನು? ಎಷ್ಟೊತ್ತು ಇಂಗೆ ಕೂತಿರ್ಲಿ?"

ಕಣ್ಣು ಬಿಟ್ಟ. ಅವಳು ತನ್ನ ಸೀರೆಯ ಪಿನ್ನನ್ನು ಅವನ ಬಲಗಾಲಿನ ಹೆಬ್ಬೆರಳಿಗೆ ಒತ್ತಿ ಹಿಡಿದಿದ್ದಳು. ಪಿನ್ನಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಕೂತಿತ್ತು.

ಇಬ್ಬರೂ ಆ ರಕ್ತವನ್ನೇ ನೋಡಿದರು. ಇಲ್ಲದ ನೀರು ತಿಳಿಯುತ್ತದೆ, ಇಲ್ಲದ ಇರುವೆ ತಿಳಿಯುತ್ತದೆ, ಇರುವ ಪಿನ್ನು ತಿಳಿಯುವುದಿಲ್ಲ. ಹೀಗೂ ಉಂಟೇ ಎಂದು ಅವನಿಗೆ ತನ್ನ ಕಾಲಿನ ಮೇಲೇ ಸಿಟ್ಟು ಬಂತು.

"ನಾಳೆಯಿಂದ ಬಸ್ಸು ಮುಟ್ಟಬೇಡಿ," ಅಂದಳು ಧನಲಕ್ಷ್ಮಿ. "ಹಾಸನಕ್ಕೆ ಹೋಗಿ ತೋರಿಸೋಣ."

"ತೋರಿಸಿದ್ರೆ ಅನ್‌ಫಿಟ್ ಅಂತ ಬರೀತಾರೆ ಕಣೆ. ಆಮೇಲೆ ನಾನು ಏನು? ಸ್ಟೇರಿಂಗ್ ಬಿಟ್ರೆ ನಂಗೆ ಏನ್ ಬತ್ತದೆ?"

"ಬಸ್ಸು ಎಲ್ಲಾದ್ರೂ ನುಗ್ಗಿದ್ರೆ?"

"ಬ್ರೇಕು ನಾನು ಪಾದದಲ್ಲಿ ಒತ್ತೋದು, ಹೆಬ್ಬೆರಳಲ್ಲಲ್ಲ," ಎಂದು ಅವನು ಎದ್ದು ಹೋದ. ಹೋಗುವಾಗ ಪಾದ ನೆಲಕ್ಕೆ ಪಟ್ ಎಂದು ಬಡಿಯಿತು. ಅದನ್ನು ಅವಳು ಕೇಳಿಸಿಕೊಂಡಳು, ಅವನೂ ಕೇಳಿಸಿಕೊಂಡ.

ಆ ವಾರ ಅವನು ಬಸ್ಸು ಓಡಿಸಿದ. ಮುಂದಿನ ವಾರವೂ ಓಡಿಸಿದ. ಧನಲಕ್ಷ್ಮಿ ಮಾತು ಬಿಟ್ಟಳು. ಬುತ್ತಿ ಕಟ್ಟಿ ಇಡುವಳು, ಅಷ್ಟೇ. ಪೆಡಲಿನ ಮೇಲೆ ಕಾಲು ಎಲ್ಲಿದೆ ಎಂದು ತಿಳಿಯಲು ಅವನು ಈಗ ಕಣ್ಣು ಕೆಳಗೆ ಹಾಕಿ ನೋಡಬೇಕಿತ್ತು. ಅಷ್ಟು ವರ್ಷ ರಸ್ತೆ ಬಿಟ್ಟು ಕಣ್ಣು ಕದಲಿಸದವನು ಈಗ ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಬೂಟಿಗೆ ಹಂಚುತ್ತಿದ್ದ. ಬ್ರೇಕು ಒತ್ತಿದರೆ ಒಮ್ಮೊಮ್ಮೆ ಜಾಸ್ತಿಯಾಗಿ ನಿಂತವರು ಮುಂದಕ್ಕೆ ಮುಗ್ಗರಿಸುತ್ತಿದ್ದರು. "ಏನ್ ಡ್ರೈವರಣ್ಣ, ಹೊಸ ಡ್ರೈವರ್ ಥರ ಆಡ್ತೀಯಾ" ಎಂದು ಯಾರೋ ಅಂದರು. ನೀಲಾಂಬಿಕೆ ಕನ್ನಡಿಯಲ್ಲಿ ಅವನ ಮುಖ ನೋಡಿದಳು. ಆ ದಿನದಿಂದ ಜನ ಕಡಿಮೆಯಾದಾಗಲೆಲ್ಲ ಹಿಂದೆ ಕೂರುವ ಬದಲು ಮುಂದಿನ ಬಾಗಿಲ ಹತ್ತಿರ ಬಂದು ನಿಲ್ಲತೊಡಗಿದಳು.

ಒಂದು ದಿವಸ ಚನ್ನರಾಯಪಟ್ಟಣದಲ್ಲಿ ಸಂತೆ. ಬಸ್ಸು ಕಿಕ್ಕಿರಿದಿತ್ತು. ಬಾನೆಟ್ಟಿನ ಪಕ್ಕದಲ್ಲಿ ಕೆಂಪಣ್ಣ ಅನ್ನುವವನ ಕಾಯಿ ಮೂಟೆಗಳು. ಅವನು ಆ ಕಡೆಯ ಹಳ್ಳಿಗಳಲ್ಲಿ ತೆಂಗಿನಕಾಯಿ ಕೊಂಡು ಪಟ್ಟಣದಲ್ಲಿ ಮಾರುವವನು, ದೊಡ್ಡ ಗಂಟಲಿನ ಮನುಷ್ಯ. ನುಗ್ಗೇಹಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದರು. ರಸ್ತೆ ತಿರುಗುವ ಕಡೆ ಕೆರೆಯ ಏರಿ. ಏರಿಯ ಮೇಲಿಂದ ಒಂದು ಆಡಿನ ಮಂದೆ ದಡದಡನೆ ರಸ್ತೆಗಿಳಿಯಿತು. ಹಿಂದೆ ಕೋಲು ಹಿಡಿದ ಮುದುಕಿ.

ಶಿವರಾಜು ಮೊದಲೇ ನೋಡಿದ್ದ. ಕಾಲು ಎತ್ತಿ ಬ್ರೇಕಿನ ಮೇಲೆ ಇಡು ಎಂದು ಮನಸ್ಸು ಹೇಳಿತು. ಕಾಲು ಹೋಯಿತು ಎಂದೇ ಅವನು ತಿಳಿದ. ಬಸ್ಸು ನಿಧಾನವಾಗಲಿಲ್ಲ. ಕೆಳಗೆ ನೋಡಿದ. ತೊಡೆ ಎದ್ದಿತ್ತು, ಪಾದ ಎದ್ದಿರಲಿಲ್ಲ. ಬೂಟಿನ ಮೂತಿ ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಕೊಂಡಿತ್ತು. ಆಮೇಲೆ ಕೈಗಳು ತಾವೇ ಕೆಲಸ ಮಾಡಿದವು. ಕೆಳಗಿನ ಗೇರಿಗೆ ಎಳೆದ, ಹ್ಯಾಂಡ್ ಬ್ರೇಕು ಹಾಕಿದ, ಹಾರ್ನ್ ಒತ್ತಿದ, ಬಸ್ಸನ್ನು ಏರಿಯ ಕಡೆಯ ಮಣ್ಣಿಗೆ ಹೊರಳಿಸಿದ. ಬಸ್ಸು ಅರಚಿಕೊಂಡು ನಿಂತಿತು. ಕಾಯಿ ಮೂಟೆಯೊಂದು ಬಾಯಿ ಬಿಚ್ಚಿ ಕಾಯಿಗಳು ಜನರ ಕಾಲ ಸಂದಿಯಲ್ಲಿ ಉರುಳಾಡಿದವು. ಮುಂದೆ, ಬಂಪರಿನಿಂದ ಒಂದು ಮೊಳದಲ್ಲಿ, ಕಪ್ಪು ಹೋತವೊಂದು ನಿಂತು ಅವನನ್ನೇ ನೋಡಿತು. ನೋಡಿ, ಮೆಲ್ಲಗೆ ರಸ್ತೆ ದಾಟಿತು.

ಯಾರಿಗೂ ಏನೂ ಆಗಲಿಲ್ಲ. ಮುದುಕಿ ಬೈದುಕೊಂಡು ಮಂದೆಯ ಹಿಂದೆ ಹೋದಳು. "ಸದ್ಯ" ಎಂದು ಯಾರೋ ಉಸಿರು ಬಿಟ್ಟರು. "ಓಗಣ್ಣ, ಟೇಮಾಯ್ತು" ಎಂದು ಇನ್ಯಾರೋ ಅಂದರು.

ಶಿವರಾಜು ಇಂಜಿನ್ ಆಫ್ ಮಾಡಿದ. ಕೀಲಿ ತೆಗೆದ. ಬಾಗಿಲು ತೆರೆದು, ಎರಡೂ ಕೈಯಲ್ಲಿ ಕಂಬಿ ಹಿಡಿದು ಕೆಳಗಿಳಿದ. ಏರಿಯ ಕಲ್ಲಿನ ಮೇಲೆ ಕೂತ.

ನೀಲಾಂಬಿಕೆ ಓಡಿಬಂದಳು. "ಏನಾಯ್ತಣ್ಣ?"

"ನಾನು ಇನ್ ಓಡ್ಸಲ್ಲ ಕಣಮ್ಮ," ಎಂದು ಕೀಲಿಯನ್ನು ಅವಳ ಕೈಗೆ ಕೊಟ್ಟ. "ಜನಾನೆಲ್ಲ ಇಳ್ಸು. ಹಿಂದಿನ ಬಸ್ಸಿಗೆ ಹತ್ಸು."

ಆಗ ಗಲಾಟೆ ಶುರುವಾಯಿತು. ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು ಎಲ್ಲ ಇಳಿದು ಸುತ್ತ ನಿಂತರು. ಕೆಂಪಣ್ಣ ಮುಂದೆ ಬಂದ.

"ಏನ್ಲಾ ಇದು, ಅರ್ಧ ದಾರೀಲಿ ಕುಂತ್ಕಂಡ್ರೆ ಎಂಗೆ? ಬಸ್ಸು ಸರ್ಯಾಗೈತೆ, ರಸ್ತೆ ಸರ್ಯಾಗೈತೆ. ಬೆಳಿಗ್ಗೇನೆ ಏರ್ಸಿದ್ದೀಯಾ?"

"ಇಲ್ಲ ಸಾ. ನನ್ ಕಾಲು ನಂಗೆ ಗೊತ್ತಾಯ್ತಿಲ್ಲ."

"ಅಂಗಂದ್ರೆ?"

"ಬ್ರೇಕ್ ಮ್ಯಾಲೆ ಇದೆ ಅನ್ಕಂಡೆ. ಇರ್ಲಿಲ್ಲ."

ಕೆಂಪಣ್ಣ ಅವನ ಕಾಲು ನೋಡಿದ. ಬೂಟು ಹಾಕಿದ, ಗಟ್ಟಿಮುಟ್ಟಾದ ಕಾಲು. "ನಡ್ಕಂಡ್ ಇಳ್ದು ಬಂದ್ಯಲ್ಲ, ನಾವ್ ನೋಡ್ನಿಲ್ವಾ? ನಾಟ್ಕ ಕಣ್ರೋ ಇದು, ಡೂಟಿ ತಪ್ಪಿಸ್ಕಳಾಕೆ," ಎಂದು ಸುತ್ತಿನವರಿಗೆ ಹೇಳಿದ. ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ಶಿವರಾಜು ತಲೆ ತಗ್ಗಿಸಿದ. ಅದೇ ಹೊತ್ತಿಗೆ ಕಾಲಿನ ಮೇಲೆ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಹೋಯಿತು. ಎಲ್ಲರೂ ನೋಡುತ್ತಿದ್ದಾರೆಂದು ಅರ್ಧಕ್ಕೆ ನಿಲ್ಲಿಸಿದ.

ನೀಲಾಂಬಿಕೆ ಅವನ ಮುಂದೆ ಬಂದು ನಿಂತಳು. ಐದಡಿಯ ಹೆಂಗಸು.

"ಈ ಮನುಷ್ಯ ಇಷ್ಟು ವರ್ಷ ನಿಮ್ಮನ್ನ ಹೊತ್ತುಕೊಂಡು ಹೋಗಿದ್ದಾರೆ. ಒಬ್ಬರ ಮೈಗಾದರೂ ಒಂದು ಗೀರು ಆಗಿದ್ಯಾ? ಇವತ್ತು ಆಗಲ್ಲ ಅಂದ್ರೆ ಆಗಲ್ಲ. ಓಡಿಸಲೇಬೇಕು ಅಂದ್ರೆ ಇಗೋ ಕೀಲಿ, ಯಾರು ಓಡಿಸ್ತೀರೋ ಬನ್ನಿ."

ಯಾರೂ ಬರಲಿಲ್ಲ. ಅವಳು ಡಿಪೋಗೆ ಫೋನ್ ಮಾಡಿದಳು. ಹಿಂದಿನ ಬಸ್ಸು ಬಂದಾಗ ಜನರನ್ನು ಹತ್ತಿಸಿದಳು. ಕೆಂಪಣ್ಣನ ಮೂಟೆಗಳಿಗೆ ಜಾಗವಾಗಲಿಲ್ಲ. ಅವನು ಆಟೋ ಹಿಡಿಯಲು ಹೋಗುವಾಗಲೂ ಬೈಯುತ್ತಲೇ ಹೋದ.

ರಸ್ತೆ ಖಾಲಿಯಾದ ಮೇಲೆ ನೀಲಾಂಬಿಕೆ ಪಕ್ಕದ ಕಲ್ಲಿನ ಮೇಲೆ ಕೂತಳು. "ನನಗೆ ಹೇಳಬಾರದಿತ್ತಾ ಅಣ್ಣ?" ಅಂದಳು. ಅವನು ಎಲ್ಲ ಹೇಳಿದ. ಚಪ್ಪಲಿ, ಪಿನ್ನು, ದುಪಟಿ. ಹೇಳುತ್ತಾ ಹೇಳುತ್ತಾ ಎದೆಯ ಮೇಲಿನ ಗುಂಡು ಇಳಿದ ಹಾಗಾಯಿತು.

ವಿಡಿಯೋ ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತಿತು. "ನಡುದಾರಿಯಲ್ಲಿ ಪ್ರಯಾಣಿಕರನ್ನು ಇಳಿಸಿದ ಚಾಲಕ" ಎಂದು ಯಾರೋ ಬರೆದಿದ್ದರು. ಧನಲಕ್ಷ್ಮಿ ಅಂಗನವಾಡಿಯಲ್ಲೇ ನೋಡಿದಳು. ಮನೆಗೆ ಬಂದು, ಎಷ್ಟೋ ದಿವಸದ ಮೇಲೆ, ಗಂಡನ ಎದುರು ಕೂತು ಮಾತಾಡಿದಳು. "ಒಳ್ಳೇದು ಮಾಡಿದ್ರಿ," ಅಂದಳು, ಅಷ್ಟೇ. ಡಿಪೋದಲ್ಲಿ ಅವನ ಉಸಿರು ಪರೀಕ್ಷೆ ಮಾಡಿದರು. ಕುಡಿತವಿಲ್ಲ ಎಂದು ಬಂತು. ಮ್ಯಾನೇಜರು ಕೂರಿಸಿ ಕೇಳಿ, ಮೊದಲು ಆಸ್ಪತ್ರೆಗೆ ಹೋಗು ಎಂದು ರಜೆ ಕೊಟ್ಟರು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ಸುದರ್ಶನ್ ಅವನನ್ನು ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಎಡಪಾದದ ಬೆರಳುಗಳು ಮೇಲೆದ್ದವು, ಬಲಪಾದ ಮುಂದಕ್ಕೆ ಜೋತುಬಿತ್ತು. ಹತ್ತಿಯಿಂದ ಸವರಿದರು, ಚೂಪು ಕಡ್ಡಿಯಿಂದ ಚುಚ್ಚಿದರು. ಎಲ್ಲಿ ತಿಳಿಯುತ್ತದೆ ಎಲ್ಲಿ ತಿಳಿಯುವುದಿಲ್ಲ ಎಂದು ಅವನ ಕಾಲಿನ ಮೇಲೇ ಪೆನ್ನಿನಲ್ಲಿ ಗೆರೆ ಎಳೆದರು. ಗೆರೆ ಮಂಡಿಯ ಕೆಳಗಿಂದ ಹೊರಬದಿಯಲ್ಲಿ ಇಳಿದು, ಪಾದದ ಮೇಲೆ ಹಾದು, ಹೆಬ್ಬೆರಳಿಗೆ ಬಂದು ನಿಂತಿತು.

"ಸಾ, ಇದೇ ದಾರಿ," ಅಂದ ಶಿವರಾಜು. "ನೀರು ಹರಿಯೋದು ಇದೇ ದಾರೀಲಿ."

ಡಾಕ್ಟರು ತಲೆಯಾಡಿಸಿದರು. ಇದನ್ನು ಕೇಳಿ ನಗದ ಮೊದಲ ಗಂಡಸು ಅವರೇ.

ಸ್ಕ್ಯಾನ್ ಮಿಷನ್ನಿನ ಕೊಳವೆಯೊಳಗೆ ಮಲಗಿಸಿದಾಗ ಗದ್ದಲಕ್ಕೆ ಅವನು ಹೆದರಲಿಲ್ಲ. ಹಳೇ ಇಂಜಿನ್ನಿಗಿಂತ ಅದೇನು ದೊಡ್ಡ ಸದ್ದಲ್ಲ. ಚಿತ್ರ ಬಂದ ಮೇಲೆ ಸುದರ್ಶನ್ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿರುತ್ತವೆ. ಮೇಲಿನವು ಬೆಳ್ಳಗೆ, ದಪ್ಪಗೆ ಇದ್ದವು. ಕೆಳಗಿನೆರಡು ಕಪ್ಪಗೆ, ಚಪ್ಪಟೆಯಾಗಿದ್ದವು. ಒಂದು ಹಿಂದಕ್ಕೆ ಉಬ್ಬಿ ಬಂದಿತ್ತು.

"ವರ್ಷಗಟ್ಟಲೆ ಕೂತು, ಕುಲುಕಿ, ಸವೆದಿದೆ. ವಯಸ್ಸಿಗೂ ಸವೆಯುತ್ತೆ. ಉಬ್ಬಿದ್ದು ಇಲ್ಲಿ ನರದ ಬುಡಾನ ಅದುಮಿ ಹಿಡಿದಿದೆ. ಕಾಲಿಗೆ ಏನೂ ಆಗಿಲ್ಲ ಶಿವರಾಜು. ಹಿಡಿದಿರೋದು ಬೆನ್ನಲ್ಲಿ. ಆದರೆ ಆ ನರ ಕಾಲಿನ ಸುದ್ದಿ ತರೋ ನರ. ಅದನ್ನ ಅದುಮಿದರೆ ತಪ್ಪು ಸುದ್ದಿ ತರುತ್ತೆ. ನೀರಿಲ್ಲದೆ ನೀರು, ಉರಿಯಿಲ್ಲದೆ ಉರಿ. ಇನ್ನೂ ಅದುಮಿದರೆ ಸುದ್ದಿ ತರೋದನ್ನೇ ನಿಲ್ಲಿಸುತ್ತೆ."

ಶಿವರಾಜುವಿಗೆ ಇದು ಥಟ್ಟನೆ ತಿಳಿಯಿತು. ಬಸ್ಸಿನ ಹಿಂದಿನ ಲೈಟು ಮಿಣುಕುತ್ತದೆ, ಬಲ್ಬು ಬದಲಾಯಿಸಿದರೂ ಮಿಣುಕುತ್ತದೆ. ಕೊನೆಗೆ ನೋಡಿದರೆ ವೈರು ಸೀಟಿನ ಕೆಳಗೆ ಎಲ್ಲೋ ನುಜ್ಜಾಗಿರುತ್ತದೆ. "ಅಂದ್ರೆ ನಂಗೆ ಹುಚ್ಚು ಹಿಡ್ದಿಲ್ಲ," ಅಂದ.

"ಖಂಡಿತ ಇಲ್ಲ," ಅಂದರು ಸುದರ್ಶನ್. "ತುಂಬಾ ಜನಕ್ಕೆ ಮಾತ್ರೆ, ವ್ಯಾಯಾಮದಲ್ಲೇ ಇಳಿಯುತ್ತೆ. ನಿಮಗೆ ಪಾದದ ಬಲ ಹೋಗ್ತಾ ಇದೆ. ಅದಕ್ಕೆ ಆಪರೇಷನ್ ಮಾಡಿಸೋದು ಒಳ್ಳೇದು ಅಂತೀನಿ. ತಡ ಮಾಡಬೇಡಿ. ಬಲ ಬಹಳ ಮಟ್ಟಿಗೆ ಬರಬಹುದು. ಚರ್ಮ ಮರಗಟ್ಟಿರೋದು ಎಷ್ಟು ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

ಊರಿನವರೆಲ್ಲ ಬೇಡ ಅಂದರು. ಬೆನ್ನಿಗೆ ಕತ್ತಿ ಹಾಕಿಸಿಕೊಂಡವನು ಎದ್ದು ಓಡಾಡಿದ್ದುಂಟೇ ಎಂದರು. ಯಾರದೋ ಮಾವ, ಯಾರದೋ ಷಡ್ಡಕ, ಹಾಸಿಗೆ ಹಿಡಿದ ಕತೆಗಳು ಒಂದರ ಹಿಂದೆ ಒಂದು ಮನೆಗೆ ಬಂದವು. ಮಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲು ಹಾಕಿದಳು.

"ಬಂದೋರೆಲ್ಲ ಬೇಡ ಅಂತವ್ರೆ. ನೀನು ಏನಂತೀಯವ್ವ?" ಎಂದು ಶಿವರಾಜು ಕೇಳಿದ.

"ಅವರ್ಯಾರೂ ನಿನ್ ಕಾಲು ತಿಕ್ನಿಲ್ಲ ಕಣ್ಲಾ. ನಾನು ತಿಕ್ಕಿವ್ನಿ. ಎಣ್ಣೆ ಮುಟ್ಟಿದ್ದು ನಿಂಗೆ ಗೊತ್ತಾಯ್ತಿರ್ನಿಲ್ಲ. ನೀನು ಸುಳ್ಳೇಳ್ದೆ, ನಾನು ಸುಮ್ಕಿದ್ದೆ," ಅಂದಳು ಮಾಯಮ್ಮ. "ಓಗು, ಮಾಡಿಸ್ಕ."

ಮಾಡಿಸಿಕೊಂಡ. ಎಚ್ಚರವಾದಾಗ ಮೊದಲು ತಿಳಿದದ್ದು ಬೆನ್ನಿನ ನೋವಲ್ಲ. ಪಾದದ ಮೇಲೆ ಆಸ್ಪತ್ರೆಯ ಹಸಿರು ಬಟ್ಟೆ ಬಿದ್ದಿತ್ತು, ಅದು ಉರಿಯುತ್ತಿರಲಿಲ್ಲ. ಮಾರನೆಯ ದಿವಸ ನರ್ಸಮ್ಮ ಎಬ್ಬಿಸಿ ನಿಲ್ಲಿಸಿದರು. ಧನಲಕ್ಷ್ಮಿಯ ಹೆಗಲ ಮೇಲೆ ಕೈಯಿಟ್ಟು ವಾರ್ಡಿನ ಕಿಟಕಿಯ ತನಕ ನಡೆದ. ಕಿಟಕಿಯಾಚೆ ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. ಯಾವ ಡಿಪೋದ್ದು ಎಂದು ನೋಡಿದ. ಕಣ್ಣು ಹನಿಗೂಡಿತು. ಧನಲಕ್ಷ್ಮಿ ನೋಡಿಯೂ ನೋಡದವಳಂತೆ ಬೆನ್ನಿನ ಪಟ್ಟಿ ಸರಿಮಾಡಿದಳು.

ಮುಂದಿನ ತಿಂಗಳುಗಳು ಬೇಸರದವು. ಬಗ್ಗಬಾರದು, ಭಾರ ಎತ್ತಬಾರದು. ಗೋಡೆ ಹಿಡಿದು ಪಾದ ಮೇಲೆತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಬಲ ನಿಧಾನವಾಗಿ ಬಂತು. ಚಪ್ಪಲಿ ಕಾಲಲ್ಲಿ ನಿಂತಿತು. ಇರುವೆಗಳು ಹೋದವು. ಹೆಬ್ಬೆರಳು ಮಾತ್ರ ಮರದ ತುಂಡಿನ ಹಾಗೆ ಉಳಿಯಿತು. ಮಳೆ ಮೋಡ ಕವಿದಾಗಲೋ ಬಹಳ ಹೊತ್ತು ಕೂತಾಗಲೋ ನೀರು ಒಂದೊಂದು ಸಲ ಬಂದು ಹೋಗುತ್ತಿತ್ತು. ಅವನು ಈಗ ಒರೆಸಿಕೊಳ್ಳಲು ಹೋಗುತ್ತಿರಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಬಿಸಿನೀರನ್ನು ಕೈಯಿಂದ ನೋಡಿ ಆಮೇಲೆ ಕಾಲಿಗೆ ಹಾಕಿಕೊಳ್ಳುತ್ತಿದ್ದ. ಆ ಬೆರಳಿಗೆ ಸುಟ್ಟರೂ ತಿಳಿಯದು ಎಂದು ಡಾಕ್ಟರು ಎಚ್ಚರಿಸಿದ್ದರು.

ವೈದ್ಯಕೀಯ ತಪಾಸಣೆಯಲ್ಲಿ ಬಸ್ಸು ಓಡಿಸಲು ಅವನು ಯೋಗ್ಯನಲ್ಲ ಎಂದು ಬಂತು. ನಿರೀಕ್ಷಿಸಿದ್ದೇ. ಆದರೂ ಆ ದಿವಸ ಊಟ ಸೇರಲಿಲ್ಲ. ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ಬಸ್ಸು ಬರುವುದು ಹೋಗುವುದನ್ನು ನೋಡಿಕೊಳ್ಳುವ ಕಂಟ್ರೋಲರ್ ಕೆಲಸ ಕೊಟ್ಟರು. ಮೊದಲ ದಿವಸ ಗೂಡಿನಲ್ಲಿ ಕೂತು ಮೈಕು ಹಿಡಿದಾಗ ನಾಲಗೆ ಹೊರಳಲಿಲ್ಲ. ಅಷ್ಟು ವರ್ಷ ಬೆನ್ನ ಹಿಂದೆ ಜನವನ್ನು ಕೂರಿಸಿಕೊಂಡು ಮುಂದೆ ನೋಡಿದವನು, ಈಗ ಜನರ ಮುಖ ನೋಡಿ ಮಾತಾಡಬೇಕಾಗಿತ್ತು. ನೀಲಾಂಬಿಕೆ ತನ್ನ ಬಸ್ಸು ಬಂದಾಗ ಗೂಡಿನ ಹತ್ತಿರ ಬಂದು, "ಜೋರಾಗಿ ಹೇಳಣ್ಣ, ನಿಮ್ಮನೇಲಿ ಮಾತಾಡಿದಂಗೆ ಮಾತಾಡಿದ್ರೆ ಯಾರಿಗೆ ಕೇಳುತ್ತೆ?" ಅಂದಳು. ಕ್ರಮೇಣ ರೂಢಿಯಾಯಿತು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ದಾಣ ಸುತ್ತಿಬರುವುದು ಬೆನ್ನಿಗೂ ಒಳ್ಳೆಯದಾಯಿತು.

ಒಂದು ಸಂತೆಯ ದಿವಸ ಕೆಂಪಣ್ಣ ಗೂಡಿನ ಕಿಂಡಿಗೆ ಬಂದು, "ನುಗ್ಗೇಹಳ್ಳಿ ಬಸ್ಸು ಯಾಕ್ ಸಾ ತಡ? ಕೇಳೋರು ಹೇಳೋರು ಯಾರೂ ಇಲ್ವಾ?" ಎಂದು ಕೂಗಾಡಿದ. ಅವನಿಗೆ ಶಿವರಾಜುವಿನ ಗುರುತು ಸಿಗಲಿಲ್ಲ. ಖಾಕಿ ಇರಲಿಲ್ಲ, ಕನ್ನಡಕ ಬಂದಿತ್ತು. ಹೇಳಿಬಿಡಲೇ ಎಂದು ಶಿವರಾಜುವಿಗೆ ಒಂದು ಸಲ ಅನ್ನಿಸಿತು. ಆಮೇಲೆ ಅದರಿಂದ ಏನು ಬರುವುದಿದೆ ಎಂದುಕೊಂಡು, "ಟೈರ್ ಪಂಚರ್ ಆಗೈತೆ ಸಾ, ಈಗ ಬತ್ತದೆ. ಅಲ್ಲಿ ನೆರಳಲ್ಲಿ ಕೂತ್ಕಳಿ," ಅಂದ. ಕೆಂಪಣ್ಣ ಗೊಣಗುತ್ತಾ ಹೋಗಿ ಕೂತ.

ಬೇಸಿಗೆಯಲ್ಲಿ, ಊರಿನಲ್ಲೇ ಉಳಿದಿದ್ದ ಅಣ್ಣನ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ಕೆಂದು ಶಿವರಾಜು, ಧನಲಕ್ಷ್ಮಿ, ಮಾಯಮ್ಮ ಮೂವರೂ ಹರದನಹಳ್ಳಿಗೆ ಹೊರಟರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಬಸ್ಸು ಹತ್ತಿದರು. ಪ್ರಯಾಣಿಕನಾಗಿ ಅಷ್ಟು ದೂರ ಅವನು ಕೂತು ಹೋದದ್ದು ಯಾವ ಕಾಲದಲ್ಲೋ. ಡ್ರೈವರು ಹೊಸಬ, ಎಳೆ ವಯಸ್ಸಿನವನು, ಹಂಪು ಕಂಡರೂ ನಿಧಾನ ಮಾಡದವನು. ಒಂದೊಂದು ತಿರುವಿಗೂ ಶಿವರಾಜುವಿನ ಕೈ ಮುಂದಿನ ಸೀಟಿನ ಕಂಬಿ ಹಿಡಿಯಿತು, ಬಲಪಾದ ತಾನಾಗಿ ಎದ್ದು ನೆಲವನ್ನು ಒತ್ತಿತು. ಧನಲಕ್ಷ್ಮಿ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಬಿಡ್ರೀ, ಅವರು ಓಡಿಸ್ತಾರೆ. ಟಿಕೆಟ್ ತಗೊಂಡಿದ್ದೀವಿ, ಆರಾಮಾಗಿ ಕೂತ್ಕೊಳಿ."

"ಗೇರು ಇಳ್ಸದೇನೆ ತಿರುಗಿಸ್ತಾನೆ ಕಣೆ ಇವನು," ಎಂದು ಅವನು ಪಿಸುಗುಟ್ಟಿದ. ಅವನಿಗೂ ನಗು ಬಂತು.

ಮಾಯಮ್ಮ ಕಿಟಕಿಯ ಪಕ್ಕ ಕೂತು ಆಗಲೇ ತೂಕಡಿಸುತ್ತಿದ್ದಳು. ಹೊಳೆನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರು. ಊರಿಗೆ ದಾರಿ ತಿರುಗುವ ಗೇಟಿನಲ್ಲಿ ಇಳಿದಾಗ ಅಣ್ಣನ ಮಗ ಬೈಕು ತಂದು ಕಾಯುತ್ತಿದ್ದ. "ಹತ್ತು ಚಿಕ್ಕಪ್ಪ, ಕಾಲು ನೋವಿರ್ತದೆ" ಅಂದ. ಶಿವರಾಜು ತಾಯಿಯನ್ನು ಬೈಕಿನ ಹಿಂದೆ ಕೂರಿಸಿ, ಸೀರೆ ಚಕ್ರಕ್ಕೆ ಸಿಕ್ಕದ ಹಾಗೆ ಒಟ್ಟುಮಾಡಿ ಕೊಟ್ಟ. ಆಮೇಲೆ ಹೆಂಡತಿಯ ಕೈಯಿಂದ ಹಣ್ಣಿನ ಚೀಲ ತೆಗೆದುಕೊಳ್ಳಲು ಹೋದ. ಅವಳು ಕೊಡಲಿಲ್ಲ. ಇಬ್ಬರೂ ರಾಗಿ ಹೊಲದ ಪಕ್ಕದ ದಾರಿಯಲ್ಲಿ, ಬಿಸಿಲೇರುವ ಮುಂಚೆ ಮುಟ್ಟೋಣವೆಂದು, ಊರ ಕಡೆಗೆ ನಡೆದರು.